ಟ್ರ್ಯಾಕ್ಟರು ನಡೆಸುವವರಿಗೆ ಕಲಿಕಾ ಲೈಸನ್ಸು ಮತ್ತು ಅದರ ಪರೀಕ್ಷೆ

(ಅಳ್ನಾವರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಬೀಜ, ಗೊಬ್ಬರ, ಕೀಟಗಳ ವಿಷಯ ಮಾತನಾಡುವುದು ರೂಢಿ. ಇಂದು ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಸಭೆ ಪ್ರಾರಂಭವಾಗುವ ಮೊದಲು ಹಿಂದಿನ ಸಾಲಿನಲ್ಲಿ ಕುಳಿತ ತರುಣರನ್ನು, "ಟ್ರ್ಯಾಕ್ಟರು ನಡೆಸಲು ಯಾರು ಯಾರಿಗೆ ಬರುತ್ತದೆ?" ಎಂದು ಕೇಳಿದೆ. ಬಹಳ ಕೈಗಳು ಎದ್ದವು. "ಲೈಸನ್ಸು ಯಾರ ಹತ್ತಿರ ಇದೆ?" ಎಂದು ಕೇಳಿದೆ. ಎದ್ದ ಕೈಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾದವು.

ನಮ್ಮ ಊರುಗಳಿಗೆ ಟ್ರ್ಯಾಕ್ಟರು ಬಂದಿದೆ, ಲೈಸನ್ಸು ಬಂದಿಲ್ಲ. ಇದೇ ಇಂದಿನ ನನ್ನ ವಿಷಯ. ಲೈಸನ್ಸಿನ ಮೊದಲ ಮೆಟ್ಟಿಲಾದ ಕಲಿಕಾ ಲೈಸನ್ಸು, ಅಂದರೆ ನೀವೆಲ್ಲ ಎಲ್.ಎಲ್.ಆರ್. ಎನ್ನುವುದನ್ನು ಪಡೆಯುವುದು ಹೇಗೆ, ಅದರ ಪರೀಕ್ಷೆಗೆ ತಯಾರಿ ಮಾಡುವುದು ಹೇಗೆ ಎಂಬುದನ್ನು ತಿಳಿಸುತ್ತೇನೆ.

ಹೊಲದಲ್ಲಿ ನಡೆಸಲು ಲೈಸನ್ಸು ಏಕೆ?

ಈ ಮಾತು ತೆಗೆದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: "ಸಾಹೇಬ್ರ, ನಮ್ಮ ಹೊಲದಾಗ ನಾವು ಗಾಡಿ ಹೊಡಿಯಾಕ ಲೈಸನ್ಸ್ ಯಾಕ ಬೇಕ್ರೀ?" ಪ್ರಶ್ನೆ ಸರಿಯಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯು ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸಲು ಲೈಸನ್ಸು ಬೇಕೆಂದು ಹೇಳುತ್ತದೆ. ಸ್ವಂತ ಹೊಲದ ಬದುವಿನ ಒಳಗೆ ನೀವು ಉಳುಮೆ ಮಾಡಿದರೆ ಯಾರೂ ಲೈಸನ್ಸು ಕೇಳುವುದಿಲ್ಲ. ಆದರೆ ಟ್ರ್ಯಾಕ್ಟರು ಮನೆಯಿಂದ ಹೊಲಕ್ಕೆ ಹಾರಿ ಹೋಗುವುದಿಲ್ಲ. ಅಗಸಿಯ ಮುಂದಿನ ದಾರಿ, ಶಾಲೆಯ ಮುಂದಿನ ರಸ್ತೆ, ಧಾರವಾಡದಿಂದ ಅಳ್ನಾವರದ ಮೇಲೆ ರಾಮನಗರ ಮತ್ತು ಗೋವೆಯ ಕಡೆಗೆ ಹೋಗುವ ಹೆದ್ದಾರಿ, ಇವೆಲ್ಲವೂ ಸಾರ್ವಜನಿಕ ಸ್ಥಳಗಳೇ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರು ಹೊಲದಲ್ಲಿ ಇರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು.

ನಾನು ಬಲ್ಲ ಒಂದು ಮನೆತನವಿದೆ. ಊರು, ಹೆಸರು ಬೇಡ. ಸುಗ್ಗಿಯ ದಿನ ಕಾಯಂ ಚಾಲಕ ಬರಲಿಲ್ಲವೆಂದು ಮನೆಯ ಯಜಮಾನರು ಆಳುಮಗನ ಕೈಗೆ ಕೀಲಿ ಕೊಟ್ಟರು. ಹುಡುಗ ಕೆಲಸದಲ್ಲಿ ಚುರುಕು, ಹೊಲದಲ್ಲಿ ಚೆನ್ನಾಗಿಯೇ ನಡೆಸುತ್ತಿದ್ದ. ಅಡ್ಡದಾರಿಯಿಂದ ಡಾಂಬರು ರಸ್ತೆಗೆ ಏರುವಾಗ ಬಲಗಡೆಯಿಂದ ಬಂದ ಮೋಟಾರ್ ಸೈಕಲ್ಲನ್ನು ಅವನು ನೋಡಲಿಲ್ಲ. ಸವಾರನ ಕಾಲು ಹೋಯಿತು. ಟ್ರ್ಯಾಕ್ಟರಿಗೆ ವಿಮೆ ಇತ್ತು. ಆದರೆ ಚಾಲಕನಿಗೆ ಲೈಸನ್ಸು ಇರಲಿಲ್ಲ. ಗಾಯಾಳುವಿಗೆ ಪರಿಹಾರ ಕೊಟ್ಟ ವಿಮಾ ಕಂಪನಿಯು ಆ ಹಣವನ್ನು ಯಜಮಾನರಿಂದ ವಸೂಲಿ ಮಾಡಲು ನ್ಯಾಯಾಲಯದ ಆಜ್ಞೆ ಪಡೆಯಿತು. ಹಿರಿಯರು ಗಳಿಸಿದ ಎರಡು ಎಕರೆ ಗದ್ದೆ ಅದಕ್ಕಾಗಿ ಮಾರಾಟವಾಯಿತು. ಆ ಯಜಮಾನರು ನನ್ನ ಮುಂದೆ ಹೇಳಿದ ಮಾತು ಇಷ್ಟೇ: "ವಿಮಾದ ಕಂತು ಒಂದೂ ತಪ್ಪಿಸಿದ್ದಿಲ್ರೀ. ಹುಡುಗನ ಲೈಸನ್ಸ್ ಕೇಳೋದೊಂದು ಮರತೆ."

ಚಾಲಕನಿಗೆ ಸರಿಯಾದ ಲೈಸನ್ಸು ಇಲ್ಲವೆಂದು, ಮಾಲೀಕನು ಅದನ್ನು ತಿಳಿದೂ ಅಥವಾ ವಿಚಾರಿಸದೆಯೇ ಕೀಲಿ ಕೊಟ್ಟನೆಂದು ಸಿದ್ಧವಾದರೆ ವಿಮಾ ಕಂಪನಿಯು ತಾನು ಕೊಟ್ಟದ್ದನ್ನು ಮಾಲೀಕನಿಂದ ಹಿಂದಕ್ಕೆ ಪಡೆಯಬಹುದು. ಇನ್ನೊಂದು ಮಾತನ್ನೂ ಕೇಳಿರಿ. ಕಲಿಕಾ ಲೈಸನ್ಸು ಕೂಡ ಲೈಸನ್ಸೇ ಆಗಿದೆಯೆಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅಂದರೆ ಈ ಸಣ್ಣ ಕಾಗದವು ನಿಮ್ಮ ಗದ್ದೆಯನ್ನು ಕಾಯುವ ಬೇಲಿ. ಆದರೆ ಬೇಲಿ ಇದ್ದರೆ ಸಾಲದು, ಅದರ ಷರತ್ತುಗಳನ್ನೂ ಪಾಲಿಸಬೇಕು.

ಯಾರು ಪಡೆಯಬಹುದು?

ಟ್ರ್ಯಾಕ್ಟರು, ಕಾರು, ಗೇರುಳ್ಳ ಮೋಟಾರ್ ಸೈಕಲ್ಲುಗಳಿಗೆ 18 ವರ್ಷ ತುಂಬಿರಬೇಕು. 16 ವರ್ಷ ತುಂಬಿದವರಿಗೆ ಗೇರಿಲ್ಲದ, 50 ಸಿ.ಸಿ. ಮೀರದ ಸಣ್ಣ ವಾಹನಕ್ಕೆ ಮಾತ್ರ, ಅದೂ ತಂದೆತಾಯಿ ಅಥವಾ ಪಾಲಕರ ಒಪ್ಪಿಗೆಯ ಮೇಲೆ ದೊರೆಯುತ್ತದೆ. ಬಾಡಿಗೆ ಲಾರಿ, ಬಸ್ಸು ಮುಂತಾದ ಸಾರಿಗೆ ವಾಹನಗಳಿಗೆ 20 ವರ್ಷ ತುಂಬಿರಬೇಕು.

ಶಾಲೆ ಕಲಿಯದವರು ಅರ್ಜಿ ಹಾಕಬಾರದೆಂಬ ತಪ್ಪು ತಿಳುವಳಿಕೆ ಹಲವರಲ್ಲಿದೆ. ಮೊದಲು ಸಾರಿಗೆ ವಾಹನ ನಡೆಸುವವರಿಗೆ ಎಂಟನೆಯ ಇಯತ್ತೆಯ ನಿರ್ಬಂಧವಿತ್ತು. 2019ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕೃಷಿ ಟ್ರ್ಯಾಕ್ಟರು ನಿಯಮಗಳ ಪ್ರಕಾರ ಸಾರಿಗೆ ವಾಹನವೇ ಅಲ್ಲ. ಆದರೆ ಪರೀಕ್ಷೆಯ ಪ್ರಶ್ನೆಗಳನ್ನು ಓದಿ ಉತ್ತರಿಸಬೇಕಾಗುವುದರಿಂದ ಕನ್ನಡ ಓದುವ ರೂಢಿ ಇರುವುದು ಅವಶ್ಯ.

ಮೋಟಾರ್ ಸೈಕಲ್ಲಿನ ಲೈಸನ್ಸು ಟ್ರ್ಯಾಕ್ಟರಿಗೆ ನಡೆಯುವುದಿಲ್ಲ. ಅರ್ಜಿಯಲ್ಲಿ ವಾಹನದ ವರ್ಗವನ್ನು ಗುರುತಿಸುವಾಗ ಇದನ್ನು ಮರೆಯದಿರಿ. ಟ್ರೇಲರ್ ಜೋಡಿಸಿದರೆ ಬೇರೆ ಲೈಸನ್ಸು ಬೇಕೇ ಎಂದು ಕೆಲವರು ಕೇಳುತ್ತಾರೆ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರು ಸಾರಿಗೆ ವಾಹನವಾಗುವುದಿಲ್ಲ ಎಂದು 2001ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಟ್ರೇಲರಿಗೆ ಪ್ರತ್ಯೇಕ ನೋಂದಣಿ ಹಾಗೂ ವಿಮೆ ಮಾಡಿಸುವುದನ್ನು ಬಿಡಬೇಡಿರಿ.

ಅರ್ಜಿ ಮತ್ತು ಕಾಗದಪತ್ರ

ಈಗ ಅರ್ಜಿಯನ್ನು 'ಸಾರಥಿ' ಎಂಬ ಸರಕಾರಿ ಜಾಲತಾಣದಲ್ಲಿ ಸಲ್ಲಿಸಬೇಕು. ಇದಕ್ಕೆ ಬೇಕಾಗುವವು:

1. ವಯಸ್ಸಿನ ದಾಖಲೆ: ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ.

2. ವಿಳಾಸದ ದಾಖಲೆ: ಆಧಾರ್, ಮತದಾರರ ಗುರುತಿನ ಚೀಟಿ ಮುಂತಾದವು.

3. ಭಾವಚಿತ್ರ ಮತ್ತು ಸಹಿ.

4. ತನ್ನ ಆರೋಗ್ಯದ ಬಗೆಗೆ ತಾನೇ ಬರೆದುಕೊಡುವ ಘೋಷಣೆ. 40 ವರ್ಷ ಮೀರಿದವರಿಗೆ ವೈದ್ಯರ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಕೇಂದ್ರದ ನಿಯಮದಂತೆ ಕಲಿಕಾ ಲೈಸನ್ಸಿಗೆ ಪ್ರತಿ ವಾಹನ ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ ಶುಲ್ಕ. ಆಧಾರ್ ಮೂಲಕ ಗುರುತು ದೃಢಪಡಿಸಿದವರಿಗೆ ಕಚೇರಿಗೆ ಹೋಗದೆ ಪರೀಕ್ಷೆ ಕೊಡುವ ಅನುಕೂಲವೂ ಬಂದಿದೆ. ಉಳಿದವರು ಸಾರಿಗೆ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಪರೀಕ್ಷೆ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿಕೊಳ್ಳಿರಿ, ತಪ್ಪಿಲ್ಲ. ಆದರೆ ಉತ್ತರಗಳನ್ನು ಅಂಗಡಿಯ ಹುಡುಗನ ಕೈಯಿಂದ ಒತ್ತಿಸಬೇಡಿರಿ. ಅದು ಕಾನೂನಿಗೆ ವಿರುದ್ಧ. ಅಲ್ಲದೆ, ಪಾಸಾಗುವವನು ಅವನು, ರಸ್ತೆಯ ಮೇಲೆ ಹೋಗುವವರು ನೀವು.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ನಾನೇ ಈ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದವನು. ಅದು 1991ರ ಮಾತು. ಆಗ ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಹತ್ತು ವರ್ಷ ಹೊಲದಲ್ಲಿ ಟ್ರ್ಯಾಕ್ಟರು ಹೊಡೆದವನೆಂಬ ಗರ್ವದಿಂದ ಹೋಗಿದ್ದೆ. "ಕಾವಲುಗಾರನಿಲ್ಲದ ರೈಲ್ವೆ ಗೇಟಿನ ಹತ್ತಿರ ಬಂದಾಗ ಏನು ಮಾಡುತ್ತೀರಿ?" ಎಂದು ಅಧಿಕಾರಿಗಳು ಕೇಳಿದರು. "ಜೋರಾಗಿ ಹಾರ್ನ್ ಹೊಡೆದು ಬೇಗ ದಾಟುತ್ತೇನೆ" ಎಂದೆ. ಅವರು ನಕ್ಕು, "ನಿಮ್ಮ ಹಾರ್ನ್ ಕೇಳಿ ರೈಲು ನಿಲ್ಲುತ್ತದೆಯೇ?" ಎಂದರು. ಅಂದು ಮನೆಗೆ ಬಂದು ಪುಸ್ತಕ ತೆರೆದೆ. ಆ ನಾಚಿಕೆಯಿಂದ ಕಲಿತದ್ದು ಇಂದಿಗೂ ಮರೆತಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಪರೀಕ್ಷೆಗೆ ನಾಲ್ಕು ವಿಷಯಗಳನ್ನು ಗೊತ್ತುಮಾಡಿವೆ. ನೂರಕ್ಕೆ ಅರುವತ್ತರಷ್ಟು ಉತ್ತರಗಳು ಸರಿಯಾಗಿದ್ದರೆ ತೇರ್ಗಡೆ. ಈ ನಾಲ್ಕು ವಿಷಯಗಳನ್ನು ಬಾಯಿಪಾಠಕ್ಕಾಗಿ ಇಟ್ಟದ್ದಲ್ಲ. ನಮ್ಮ ರಸ್ತೆಗಳ ಮೇಲೆ ನಿತ್ಯ ಎದುರಾಗುವ ಅಪಾಯಗಳೇ ಅವು.

ಒಂದನೆಯದು: ರಸ್ತೆಯ ಚಿಹ್ನೆ ಹಾಗೂ ನಿಯಮಗಳು. ಚಿಹ್ನೆಗಳನ್ನು ಒಂದೊಂದಾಗಿ ಉರುಹೊಡೆಯುವುದಕ್ಕಿಂತ ಆಕಾರದಿಂದ ಗುರುತಿಸುವುದು ಸುಲಭ. ಕೆಂಪು ಅಂಚಿನ ವೃತ್ತವಿದ್ದರೆ ಅದು ನಿಷೇಧ ಅಥವಾ ಮಿತಿ: ಪ್ರವೇಶವಿಲ್ಲ, ಹಿಂದೆ ಹಾಕಬಾರದು, ಇಷ್ಟೇ ವೇಗ. ನೀಲಿ ವೃತ್ತವಿದ್ದರೆ ಅದರಲ್ಲಿ ತೋರಿಸಿದಂತೆ ಕಡ್ಡಾಯವಾಗಿ ಮಾಡಬೇಕು. ಕೆಂಪು ಅಂಚಿನ ತ್ರಿಕೋನ ಮುನ್ನೆಚ್ಚರಿಕೆ: ಮುಂದೆ ತಿರುವು, ಶಾಲೆ, ಕಿರಿದಾದ ಸೇತುವೆ. ನೀಲಿ ಚೌಕಗಳು ಮಾಹಿತಿ ಕೊಡುತ್ತವೆ: ಆಸ್ಪತ್ರೆ, ಪೆಟ್ರೋಲ್ ಪಂಪು. ಎರಡು ಚಿಹ್ನೆಗಳ ಆಕಾರ ಮಾತ್ರ ಬೇರೆ. ಎಂಟು ಮೂಲೆಯ ಕೆಂಪು ಫಲಕ ಕಂಡರೆ ಪೂರ್ತಿ ನಿಲ್ಲಬೇಕು. ತಲೆಕೆಳಗಾದ ತ್ರಿಕೋನ ಕಂಡರೆ ಬೇರೆಯವರಿಗೆ ದಾರಿ ಬಿಡಬೇಕು.

ನಿಯಮಗಳಲ್ಲಿ ಮುಖ್ಯವಾದವು ಇವು. ರಸ್ತೆಯ ಎಡಬದಿಗೆ ನಡೆಸಬೇಕು. ಮುಂದಿನ ವಾಹನವನ್ನು ಬಲಗಡೆಯಿಂದ ಹಿಂದೆ ಹಾಕಬೇಕು. ತಿರುವಿನಲ್ಲಿ, ಸೇತುವೆಯ ಮೇಲೆ, ಮುಂದಿನದು ಕಾಣದ ಏರಿನಲ್ಲಿ ಹಿಂದೆ ಹಾಕಬಾರದು. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಅಡ್ಡರಸ್ತೆಯಿಂದ ಹೆದ್ದಾರಿಗೆ ಏರುವಾಗ ಹೆದ್ದಾರಿಯ ವಾಹನಗಳಿಗೆ ಮೊದಲ ಹಕ್ಕು. ನಾನು ಹೇಳಿದ ಆ ಆಳುಮಗನಿಗೆ ಈ ಒಂದು ಸಾಲು ತಿಳಿದಿದ್ದರೆ ಒಬ್ಬನ ಕಾಲು ಉಳಿಯುತ್ತಿತ್ತು, ಒಂದು ಮನೆಯ ಗದ್ದೆ ಉಳಿಯುತ್ತಿತ್ತು.

ಎರಡನೆಯದು: ಅಪಘಾತವಾದಾಗ ಚಾಲಕನ ಕರ್ತವ್ಯ. ಗಾಡಿ ಬಿಟ್ಟು ಓಡಿಹೋಗುವುದು ನಮ್ಮಲ್ಲಿ ಹೆಚ್ಚು. ಕಾಯಿದೆಯು ಹೇಳುವುದು ಬೇರೆ. ಗಾಯಾಳುವನ್ನು ಹತ್ತಿರದ ವೈದ್ಯರಲ್ಲಿಗೆ ಅಥವಾ ಆಸ್ಪತ್ರೆಗೆ ಸೇರಿಸಲು ಸಾಧ್ಯವಾದುದನ್ನೆಲ್ಲ ಮಾಡಬೇಕು. ಪೊಲೀಸರು ಕೇಳಿದ ಮಾಹಿತಿ ಕೊಡಬೇಕು. ಪೊಲೀಸರು ಸ್ಥಳದಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ತಾಸಿನೊಳಗೆ, ಹತ್ತಿರದ ಠಾಣೆಗೆ ವರದಿ ಮಾಡಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಜನ ಉದ್ರಿಕ್ತರಾಗಿ ಜೀವಕ್ಕೆ ಅಪಾಯವಿದ್ದರೆ ನೇರವಾಗಿ ಠಾಣೆಗೆ ಹೋಗಿರಿ, ಅಡಗಿ ಕೂಡ್ರಬೇಡಿರಿ. ದಾರಿಹೋಕರು ಗಾಯಾಳುವಿಗೆ ಸಹಾಯ ಮಾಡಿದರೆ ಅವರಿಗೆ ತೊಂದರೆಯಾಗದಂತೆ 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಡಲಾಗಿದೆ.

ಮೂರನೆಯದು: ಕಾವಲುಗಾರನಿಲ್ಲದ ರೈಲ್ವೆ ದಾಟು. ನಾನು ನಪಾಸಾದದ್ದು ಇಲ್ಲಿಯೇ. ಸರಿಯಾದ ಉತ್ತರ ಇದು. ವಾಹನವನ್ನು ನಿಲ್ಲಿಸಬೇಕು. ಜೊತೆಗೆ ಇರುವ ಕ್ಲೀನರನೋ ಇನ್ನೊಬ್ಬನೋ ಇಳಿದು ಹಳಿಯವರೆಗೆ ನಡೆದುಹೋಗಿ, ಎರಡೂ ಕಡೆಯಿಂದ ರೈಲು ಅಥವಾ ಟ್ರಾಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಚಿಹ್ನೆಯಲ್ಲಿ ಗೇಟಿನ ಚಿತ್ರವಿದ್ದರೆ ಕಾವಲಿದೆ, ಇಂಜಿನ್ನಿನ ಚಿತ್ರವಿದ್ದರೆ ಕಾವಲಿಲ್ಲ. ಹಳಿಗೆ ಸುಮಾರು 200 ಮೀಟರ್ ದೂರದಲ್ಲಿ ಎರಡು ಅಡ್ಡಪಟ್ಟಿಗಳ ಫಲಕ, ಇನ್ನೂ ಹತ್ತಿರ ಬಂದಾಗ ಒಂದು ಪಟ್ಟಿಯ ಫಲಕ ಇರುತ್ತದೆ.

"ಈಗ ಅಂಥಾ ಗೇಟ್ ಎಲ್ಲಿ ಅದಾವ್ರೀ?" ಎಂದು ನೀವು ಕೇಳಬಹುದು. ನಿಜ. ದೇಶದ ಬ್ರಾಡ್‌ಗೇಜ್ ಮಾರ್ಗಗಳ ಮೇಲಿನ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ತೆಗೆದುಹಾಕಲಾಯಿತು. ಆದರೂ ಪಾಠ ಹಳೆಯದಾಗಿಲ್ಲ. ನಿಮ್ಮ ಅಳ್ನಾವರ ಜಂಕ್ಷನ್ ಊರು. ಹುಬ್ಬಳ್ಳಿ–ಲೋಂಡಾ ಮಾರ್ಗ ಇಲ್ಲಿ ಹಾದುಹೋಗುತ್ತದೆ, ದಾಂಡೇಲಿಯ ಕಡೆಗೆ ಕವಲು ಒಡೆಯುತ್ತದೆ. ಆ ಕವಲಿನಲ್ಲಿ ಬಹಳ ವರ್ಷ ಪ್ರಯಾಣಿಕರ ಗಾಡಿ ಇರಲಿಲ್ಲ, 2019ರಲ್ಲಿ ಮತ್ತೆ ಪ್ರಾರಂಭವಾಯಿತು. ರೈಲು ಬಾರದ ಹಳಿ ಎಂದು ಯಾವ ಹಳಿಯನ್ನೂ ತಿಳಿಯಬಾರದು. ಹಾಕಿದ ಗೇಟಿನ ಕೆಳಗೆ ನುಸುಳಬಾರದು. ಹಳಿಯ ಮೇಲೆ ಗೇರು ಬದಲಿಸಬಾರದು. ನಿಂತು, ನೋಡಿ, ಕೇಳಿ ದಾಟುವ ಈ ರೂಢಿಯು ಹೊಲದ ದಾರಿಯಿಂದ ಹೆದ್ದಾರಿಗೆ ಏರುವಾಗಲೂ ನಿಮ್ಮನ್ನು ಕಾಯುತ್ತದೆ.

ನಾಲ್ಕನೆಯದು: ಜೊತೆಗೆ ಇರಬೇಕಾದ ಕಾಗದಗಳು. ಲೈಸನ್ಸು, ನೋಂದಣಿ ಪತ್ರ, ವಿಮಾ ಪತ್ರ, ಹೊಗೆ ತಪಾಸಣೆಯ ಪತ್ರ, ಸಾರಿಗೆ ವಾಹನವಾದರೆ ಅರ್ಹತಾ ಪತ್ರ ಹಾಗೂ ಪರ್ಮಿಟ್ಟು. ಇವನ್ನು ಸರಕಾರದ ಡಿಜಿಲಾಕರ್ ಮೂಲಕ ಮೊಬೈಲಿನಲ್ಲಿ ತೋರಿಸಿದರೂ ನಡೆಯುತ್ತದೆ.

ತಯಾರಿ ಹೇಗೆ ಮಾಡಬೇಕು?

ಎರಡು ವಾರ ಸಾಕು. ದಿನಕ್ಕೆ ಅರ್ಧ ತಾಸು. ಮೊದಲ ವಾರ ಚಿಹ್ನೆಗಳನ್ನು ಕಲಿಯಿರಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ರಟ್ಟಿನ ಮೇಲೆ ಚಿತ್ರ ಬರೆಯಿಸಿ, ಅವರ ಕೈಯಿಂದಲೇ ಕೇಳಿಸಿಕೊಳ್ಳಿರಿ. ಅಪ್ಪನನ್ನು ಪರೀಕ್ಷೆ ಮಾಡುವುದೆಂದರೆ ಮಕ್ಕಳಿಗೆ ಬಲು ಸಂತೋಷ. ಅವರೂ ಕಲಿಯುತ್ತಾರೆ. ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ಸುಮಾರು 35 ಕಿಲೋಮೀಟರ್ ದಾರಿಯಲ್ಲಿ ಕಾಣುವ ಫಲಕಗಳನ್ನು ಒಂದೊಂದಾಗಿ ಗುರುತಿಸಿರಿ. ಎರಡನೆಯ ವಾರ ಉಳಿದ ಮೂರು ವಿಷಯಗಳನ್ನು ಓದಿರಿ. ಅಭ್ಯಾಸದ ಪ್ರಶ್ನೆಗಳು ಸಾರಥಿ ಜಾಲತಾಣದಲ್ಲಿಯೂ ದೊರೆಯುತ್ತವೆ.

ಪರೀಕ್ಷೆಯಲ್ಲಿ ಭಾಷೆ ಆರಿಸುವಾಗ ಕನ್ನಡವನ್ನೇ ಆರಿಸಿರಿ. ಪ್ರತಿ ಪ್ರಶ್ನೆಗೆ ಗೊತ್ತಾದ ಸಮಯವಿರುತ್ತದೆ. ಗಾಬರಿಯಾಗದೆ ಪ್ರಶ್ನೆಯನ್ನು ಪೂರ್ತಿ ಓದಿ, ಎಲ್ಲ ಉತ್ತರಗಳನ್ನು ನೋಡಿ, ನಂತರವೇ ಒತ್ತಿರಿ. ಸಂಶಯ ಬಂದರೆ ಒಂದು ಸೂತ್ರ: ಯಾವ ಉತ್ತರದಲ್ಲಿ ವೇಗ ತಗ್ಗಿಸುವುದು, ನಿಲ್ಲುವುದು, ದಾರಿ ಬಿಡುವುದು ಇದೆಯೋ ಬಹುಮಟ್ಟಿಗೆ ಅದೇ ಸರಿ. ನಪಾಸಾದರೆ ನಾಚಿಕೆ ಬೇಡ. ನಾನೂ ಆಗಿದ್ದೇನೆ.

ಲೈಸನ್ಸು ಕೈಗೆ ಬಂದ ಮೇಲೆ

ಕಲಿಕಾ ಲೈಸನ್ಸಿನ ಅವಧಿ ಆರು ತಿಂಗಳು. ಅದು ದೊರೆತು 30 ದಿನ ಕಳೆದ ನಂತರ ವಾಹನ ನಡೆಸಿ ತೋರಿಸುವ ಪರೀಕ್ಷೆಗೆ ಹೋಗಬಹುದು. ಮುಂಗಾರಿ ಬಿತ್ತನೆಯ ಗದ್ದಲದಲ್ಲಿ ಅವಧಿ ಮೀರಿಹೋಗದಂತೆ ಲೆಕ್ಕ ಹಾಕಿ ಅರ್ಜಿ ಕೊಡಿರಿ.

ಈ ಅವಧಿಯಲ್ಲಿ ಎರಡು ಷರತ್ತುಗಳಿವೆ. ವಾಹನದ ಮುಂದೆ ಮತ್ತು ಹಿಂದೆ 18 ಸೆಂಟಿಮೀಟರ್ ಚೌಕಕ್ಕೆ ಕಡಿಮೆಯಾಗದ ಬಿಳಿ ಫಲಕದ ಮೇಲೆ, 10 ಸೆಂಟಿಮೀಟರಿಗೆ ಕಡಿಮೆಯಾಗದ ಎತ್ತರದ ಕೆಂಪು 'ಎಲ್' ಅಕ್ಷರ ಇರಬೇಕು. ಎರಡನೆಯದಾಗಿ, ಪೂರ್ಣ ಲೈಸನ್ಸು ಇದ್ದವರು ವಾಹನವನ್ನು ನಿಯಂತ್ರಿಸುವಂಥ ಜಾಗದಲ್ಲಿ ಜೊತೆಗೆ ಕುಳಿತಿರಬೇಕು. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಆಸನ. ಮಡ್‌ಗಾರ್ಡಿನ ಮೇಲೆ ಗುರುವನ್ನು ಕೂಡ್ರಿಸಿಕೊಂಡು ರಸ್ತೆಗೆ ಬರುವುದು ಅಪಾಯ. ಆದ್ದರಿಂದ ಸುಗ್ಗಿಯಾದ ಬಳಿಕ ಸ್ವಂತ ಹೊಲದಲ್ಲಿ, ಟ್ರೇಲರ್ ಬಿಚ್ಚಿಟ್ಟು ಕೈ ಪಳಗಿಸಿರಿ. ರಸ್ತೆಯ ನಡವಳಿಕೆಯನ್ನು ಡ್ರೈವಿಂಗ್ ಶಾಲೆಯ ವಾಹನದಲ್ಲಿ ಕಲಿಯುವುದು ಲೇಸು.

ಹೊಲದಲ್ಲಿ ಪಳಗಿದ ಕೈ ರಸ್ತೆಯಲ್ಲಿ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಟ್ರ್ಯಾಕ್ಟರಿಗೆ ಎಡ ಮತ್ತು ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿವೆ. ಉಳುಮೆಯಲ್ಲಿ ತಿರುವು ಹೊಡೆಯಲು ಇದು ಅನುಕೂಲ. ರಸ್ತೆಗೆ ಬರುವ ಮೊದಲು ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಜೋಡಿಸದೆ ವೇಗದಲ್ಲಿ ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರು ಗರಕ್ಕನೆ ತಿರುಗಿ ಮಗುಚಿಕೊಳ್ಳುತ್ತದೆ. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಇರಲಿ. ರಾತ್ರಿ ಕಬ್ಬಿನ ಟ್ರೇಲರ್ ರಸ್ತೆಯಲ್ಲಿ ಕೆಟ್ಟು ನಿಂತರೆ ಹಿಂದಿನಿಂದ ಬರುವವನಿಗೆ ಅದು ಕಾಣುವುದೇ ಇಲ್ಲ. ಟ್ರೇಲರಿನಲ್ಲಿ ಜನರನ್ನು, ಅದರಲ್ಲೂ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಪದ್ಧತಿಯನ್ನು ಬಿಡಿರಿ. ಅದು ಮಾಲಿನ ಗಾಡಿ, ಮನುಷ್ಯರದಲ್ಲ.

ಕೀಲಿ ಯಾರ ಕೈಯಲ್ಲಿ?

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಹದಿನೈದು ವರ್ಷದ ಮಗ ಟ್ರ್ಯಾಕ್ಟರು ಹೊಡೆದರೆ ನಮಗೆ ಹೆಮ್ಮೆ. ಆದರೆ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವನು ರಸ್ತೆಯಲ್ಲಿ ವಾಹನ ನಡೆಸಿ ಅಪರಾಧವಾದರೆ ಪಾಲಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸಿಲ್ಲ. ವಯಸ್ಕನಾದರೂ ಲೈಸನ್ಸಿಲ್ಲದವನಿಗೆ ವಾಹನ ಕೊಟ್ಟರೆ ಕೊಟ್ಟವನಿಗೂ, ನಡೆಸಿದವನಿಗೂ ಶಿಕ್ಷೆಯುಂಟು.

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡಿಗೆ ನೋಡುತ್ತೇವೆ. ಎಂಟು ಹತ್ತು ಲಕ್ಷದ ಟ್ರ್ಯಾಕ್ಟರಿನ ಕೀಲಿ ಕೊಡುವಾಗ ಒಂದು ಲೈಸನ್ಸು ಕೇಳಲು ಏಕೆ ನಾಚಿಕೆ? "ತಮ್ಮಾ, ಲೈಸನ್ಸ್ ತೋರಿಸಪಾ" ಎಂದು ಕೇಳಿರಿ. ಇಲ್ಲವೆಂದರೆ ಬೈಯಬೇಡಿರಿ. ಎರಡು ನೂರು ರೂಪಾಯಿ ಶುಲ್ಕವನ್ನು ನೀವೇ ಕೊಟ್ಟು, ಎರಡು ವಾರ ಸಂಜೆ ಬಿಡುವು ಕೊಟ್ಟು ಅವನಿಂದ ಅರ್ಜಿ ಹಾಕಿಸಿರಿ. ನಿಮ್ಮ ಗದ್ದೆಯೂ ಉಳಿಯುತ್ತದೆ, ಅವನ ಬದುಕಿಗೆ ಒಂದು ಆಧಾರವೂ ಆಗುತ್ತದೆ.

ಬರುವ ಹಂಗಾಮಿನಲ್ಲಿ ಇದೇ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ. ಆಗ ಎಣಿಸಲು ನನ್ನ ಎರಡೂ ಕೈ ಸಾಲದಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.